ಇಲ್ಲದ ಸೈರನ್ನಿಗೆ ನಾನೇ ಸಾಕ್ಷಿ

ದೆವ್ವ, ಪೀಡೆ, ಗಾಳಿ ಸೋಕುವುದು ಇವು ಯಾವುದನ್ನೂ ನಂಬದೆ ಬೆಳೆದವನು ನಾನು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನದೊಂದು ಪಟ ಬಿಟ್ಟರೆ ಬೇರೆ ದೇವರಿರಲಿಲ್ಲ. ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದ ಅಪ್ಪ, ಯಾರಾದರೂ ಹುಣಸೆಮರದ ಕಥೆ ತೆಗೆದರೆ, "ನೀನು ಕಣ್ಣಾರೆ ನೋಡಿದ್ಯಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಈಗ ಮಧುಗಿರಿಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತಿದ್ದೇನೆ. ಓದುಗರ ವಿಚಿತ್ರ ಅನುಭವಗಳು ಅಚ್ಚಾಗುವ ಪುಟಗಳನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ ನಗಾಡಿದ್ದೇನೆ. ಈಗ ಅಂಥದೇ ಪುಟಕ್ಕೆ ಬರೆಯಲು ಕೂತಿದ್ದೇನೆ. ನಗುವವರು ನಗಲಿ. ನನಗೆ ಆವತ್ತು ಆದದ್ದು ಭಯವಲ್ಲ; ಆಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಡುರಾತ್ರಿಯೂ ಅಲ್ಲ, ಅಮಾವಾಸ್ಯೆಯೂ ಅಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ, ಎಲ್ಲರೂ ಬುತ್ತಿ ಬಿಚ್ಚಿಕೊಂಡು ಉಣ್ಣುತ್ತಿದ್ದ ಹೊತ್ತು.

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ ಕಡೆ ನನ್ನ ದೊಡ್ಡಮ್ಮನ ಊರಿದೆ. ಊರಿನ ಬೆನ್ನಿಗಿರುವ ಗುಡ್ಡದಲ್ಲಿ ಒಂದು ಕಲ್ಲು ಕ್ವಾರಿ. ಅಲ್ಲಿ ಮದ್ದು ಹಾರಿಸಿದಾಗಲೆಲ್ಲ ದೊಡ್ಡಮ್ಮನ ಅಡುಗೆಮನೆ ಗೋಡೆಯ ಬಿರುಕು ಅಷ್ಟಷ್ಟೇ ಅಗಲವಾಗುತ್ತಿತ್ತು. "ನೀನು ಅದೇನೋ ಶಬ್ದದ ಬಗ್ಗೆ ಪಾಠ ಮಾಡ್ತೀಯಲ್ಲಪ್ಪಾ, ಬಂದು ಆ ಢಂ ಅನ್ನೋದನ್ನ ಅಳ್ದು ಕೊಟ್ಟೋಗು. ಪಂಚಾಯ್ತಿಯೋರು ನನ್ನ ಬಾಯಿಮಾತು ಕೇಳಾಕಿಲ್ಲ" ಎಂದು ಫೋನಿನಲ್ಲಿ ದುಂಬಾಲು ಬಿದ್ದಳು. ನನಗೂ ಒಂದು ಕಡೆ ಸುಮ್ಮನೆ ಕೂರುವ ಜಾಯಮಾನವಿಲ್ಲ. ಹೊರಟೆ.

ಹೊರಡುವ ಮುಂಚೆ ಕಾನೂನನ್ನೂ ಒಂದಿಷ್ಟು ಓದಿಕೊಂಡಿದ್ದೆ. ಗಣಿ ಎಂದರೆ ಬಳ್ಳಾರಿ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಮದ್ದಿಟ್ಟು ಬಂಡೆ ಸಿಡಿಸುವ ಕ್ವಾರಿ ಕೂಡ ಕಾನೂನಿನ ಪ್ರಕಾರ ಗಣಿಯೇ. ಅಲ್ಲಿ ಬಂಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಂಡು ಹೋಗಬೇಕು. ಮದ್ದು ಹಾರಿಸುವುದಕ್ಕೆ ಅದಕ್ಕೆಂದೇ ಸರ್ಟಿಫಿಕೇಟು ಪಡೆದವನು ಇರಬೇಕು. ಹಾರಿಸುವ ಮುಂಚೆ ಎಚ್ಚರಿಕೆ ಕೊಟ್ಟು, ಒಬ್ಬೊಬ್ಬರೂ ದೂರ ಸರಿದರೆಂದು ಖಾತ್ರಿ ಮಾಡಿಕೊಳ್ಳಬೇಕು. ಹೆಲ್ಮೆಟ್ಟು, ಬೂಟು ಮಾಲೀಕನ ಖರ್ಚಿನಲ್ಲಿ ಬರಬೇಕು. ದೂಳು ಕುಡಿಯುವವರ ಎದೆಯ ಎಕ್ಸ್‌ರೇ ಆಗಾಗ ತೆಗೆಸುವ ಖರ್ಚೂ ಅವನದೇ.

ನಾನು ಅಲ್ಲಿ ನೋಡಿದ್ದು ಗೋಡೆಯ ಹಾಗೆ ನೆಟ್ಟಗೆ ನಿಂತ ಬಂಡೆ. ಅದರ ಬುಡದ ನೆರಳಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡ ಹೆಂಗಸರು ಊಟಕ್ಕೆ ಕೂತಿದ್ದರು. ಕಾಲಲ್ಲಿ ಹವಾಯಿ ಚಪ್ಪಲಿ. ಮದ್ದಿನ ಸರ್ಟಿಫಿಕೇಟು ಪಡೆದವನು ಸಿರಾ ಕಡೆ ಎಲ್ಲೋ ಇದ್ದಾನೆ, ಆಗೊಮ್ಮೆ ಈಗೊಮ್ಮೆ ಬಂದು ಸಹಿ ಹಾಕಿ ಹೋಗುತ್ತಾನೆ ಎಂದು ದೊಡ್ಡಮ್ಮ ಮೊದಲೇ ಹೇಳಿದ್ದಳು. ಬತ್ತಿಗೆ ಬೆಂಕಿ ಇಡುವುದು ಆ ಹೊತ್ತಿಗೆ ಕೈ ಬಿಡುವಿದ್ದವರು ಯಾರೋ ಒಬ್ಬರು. ಇಟ್ಟವನು "ಬತ್ತಿ, ಬತ್ತಿ" ಎಂದು ಕೂಗುತ್ತಾನೆ. ಅದೇ ಎಚ್ಚರಿಕೆ.

ನಾನು ಕ್ವಾರಿಯ ಮೇಲಂಚಿನಲ್ಲಿ, ನೀರಿನ ತೊಟ್ಟಿಯ ಹತ್ತಿರ ಫೋನ್ ಹಿಡಿದು ನಿಂತೆ. ಕೆಳಗಿನಿಂದ ಒಬ್ಬಳು, "ಮೇಷ್ಟ್ರು ರೀಲ್ಸ್ ಮಾಡ್ತವ್ರೆ ಕಣಮ್ಮ, ಸೆರಗು ಸರಿ ಮಾಡ್ಕೊ" ಎಂದಳು. ಇನ್ನೊಬ್ಬಳು, "ಈ ಮೂತಿ ನೋಡಿದ್ರೆ ಫೋನೇ ಒಡೆದೋಯ್ತದೆ ಬುಡು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ತೊಟ್ಟಿಯ ಪಕ್ಕದಲ್ಲಿ ಕಬ್ಬಿಣದ ಒಂದು ಸ್ಟ್ಯಾಂಡ್ ಇತ್ತು. ಅದರ ತಲೆಯ ಮೇಲೆ ತುಕ್ಕು ಹಿಡಿದ ನಾಲ್ಕು ಬೋಲ್ಟ್ ಬಿಟ್ಟರೆ ಏನೂ ಇರಲಿಲ್ಲ. ಬಿಂದಿಗೆ ತುಂಬಿಸಿಕೊಳ್ಳಲು ಬಂದ ರತ್ನಮ್ಮನನ್ನು ಇದೇನು ಎಂದು ಕೇಳಿದೆ. ಆಕೆ ಅದೇ ಕ್ವಾರಿಯಲ್ಲಿ ಜಲ್ಲಿ ಒಡೆಯುವವಳು. "ಅಲ್ಲಿ ಸೈರನ್ ಇತ್ತು ಕಣಣ್ಣ, ಕೈಯಾಗೆ ತಿರುಗ್ಸೋದು. ನಮ್ಮನೆಯೋರೇ ತಿರುಗಿಸ್ತಿದ್ರು. ಅವ್ರು ತೀರ್ಕೊಂಡ ತಿಂಗ್ಳೇ ಅದ್ನೂ ಬಿಚ್ಚಿ ಗುಜರಿಗೆ ಹಾಕ್ಬುಟ್ರು" ಎಂದಳು. ಗಂಡ ಕೆಮ್ಮಿ ಕೆಮ್ಮಿ ಸತ್ತನಂತೆ. ಕಲ್ಲಿನ ದೂಳು ಎದೆಯಲ್ಲಿ ಕೂತವನಿಗೆ ಟಿ.ಬಿ. ಎಂದು ಚೀಟಿ ಬರೆದು ಮಾತ್ರೆ ಕೊಟ್ಟು ಕಳಿಸಿದ್ದರು. ಟಿ.ಬಿ. ಎಂದರೆ ಮಾಲೀಕನ ಮೈಮೇಲೆ ಏನೂ ಬರುವುದಿಲ್ಲವಲ್ಲ.

ಇನ್ನು ಮುಂದಿನದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಫೋನಿನಲ್ಲಿ ಧ್ವನಿ ದಾಖಲಿಸಲು ಗುಂಡಿ ಒತ್ತಿದೆ. ಕೆಳಗೆ ಒಂದು ಮೂಲೆಯಲ್ಲಿ ನಾಗರಾಜು ಎಂಬ ಪಾವಗಡದ ಕಡೆಯ ಕೆಲಸಗಾರ ಒಬ್ಬನೇ ಊಟಕ್ಕೆ ಏಳದೆ ಡ್ರಿಲ್ ಹಿಡಿದು ಬಂಡೆ ಕೊರೆಯುತ್ತಿದ್ದ. ಕಂಪ್ರೆಸರ್ ಗುಡುಗುಡು ಎನ್ನುತ್ತಿತ್ತು. ಆಗ ನನ್ನ ಬೆನ್ನ ಹಿಂದೆ ಸೈರನ್ ಶುರುವಾಯಿತು. ತಗ್ಗಿನಿಂದ ಎದ್ದು ಏರುತ್ತ ಹೋಯಿತು, ಏರುತ್ತಿದ್ದದ್ದು ನಡುವೆ, ತಿರುಗಿಸುವ ಕೈ ಹಿಡಿ ಬಿಟ್ಟ ಹಾಗೆ, ಕುಸಿದು ಸಣ್ಣದಾಯಿತು, ಮತ್ತೆ ಏರಿತು. ತಿರುಗಿ ನೋಡಿದೆ. ಸ್ಟ್ಯಾಂಡಿನ ಮೇಲೆ ಬೋಲ್ಟುಗಳಿದ್ದವು, ಅಷ್ಟೇ. ಯೋಚಿಸಲು ಪುರುಸೊತ್ತಿರಲಿಲ್ಲ. ಕೈ ಬೀಸಿ ಕೆಳಗಿನವರಿಗೆ ಕೂಗಿದೆ. ಹೆಂಗಸರು ಬುತ್ತಿ ಅಲ್ಲೇ ಚೆಲ್ಲಿ ಓಡಿದರು. ನಾಗರಾಜು ತಲೆ ಎತ್ತಲಿಲ್ಲ. ಮೇಲಿನ ಬಂಡೆಗೆ ಇಟ್ಟಿದ್ದ ಮದ್ದು ಹಾರಿತು. ಹೆಂಗಸರು ಕೂತಿದ್ದ ಜಾಗದ ಮೇಲೆ ಕಲ್ಲು ಸುರಿದವು. ಡ್ರಿಲ್ಲಿನ ಸದ್ದು ನಿಂತುಹೋಯಿತು.

ನಾಗರಾಜುವನ್ನು ಜಲ್ಲಿ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದರು. ಆಂಬುಲೆನ್ಸ್ ಹಾಗಿರಲಿ, ಕಾಲಿನ ಗಾಯಕ್ಕೆ ಕಟ್ಟಲು ಒಂದು ಚೂರು ಬಟ್ಟೆಯೂ ಕ್ವಾರಿಯ ಶೆಡ್ಡಿನಲ್ಲಿರಲಿಲ್ಲ. ನನ್ನ ಅಂಗಿ ಬಿಚ್ಚಿ ಕಟ್ಟಿದ್ದೆ. ತುಮಕೂರಿನ ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು.

ಆ ಸಂಜೆ ದೊಡ್ಡಮ್ಮನ ಜಗಲಿಯ ಮೇಲೆ ಕೂತಿದ್ದಾಗ ರತ್ನಮ್ಮ ಬಂದಳು. "ನಿಮಗೂ ಕೇಳಿಸ್ತಾ ಅಣ್ಣ?" ಎಂದಳು. ನಡುವೆ ಸದ್ದು ಕುಸಿದದ್ದನ್ನು ಹೇಳಿದೆ. "ಕೆಮ್ಮಾಕೆ ನಿಲ್ಲಿಸ್ತಿದ್ರು. ಕೊನೆಕೊನೆಗೆ ಒಂದೇ ಉಸಿರಿಗೆ ತಿರುಗ್ಸಾಕೆ ಆಗ್ತಿರ್ಲಿಲ್ಲ" ಎಂದಳು.

ಇಲ್ಲೇ ನನ್ನ ಕಷ್ಟವಿರುವುದು. ಕೆಮ್ಮಲು ಸೈರನ್ ನಿಲ್ಲಿಸುತ್ತಿದ್ದ ವಿಷಯ ಆಕೆ ಜಗಲಿಯ ಮೇಲೆ ಮೊದಲ ಸಲ ಹೇಳಿದಳೋ, ಇಲ್ಲ ಮಧ್ಯಾಹ್ನ ಸ್ಟ್ಯಾಂಡಿನ ಹತ್ತಿರವೇ ಹೇಳಿದ್ದಳೋ? ಅಲ್ಲೇ ಹೇಳಿದ್ದರೆ ನನ್ನ ತಲೆಯೇ ಅದನ್ನು ಹಿಡಿದು ಸದ್ದು ಹುಟ್ಟಿಸಿರಬಹುದು. ಆಕೆಯನ್ನು ಕೇಳಿದರೆ ಆಕೆಗೂ ಖಾತ್ರಿಯಿಲ್ಲ. ಫೋನಿನ ದಾಖಲೆ ಶುರುವಾಗುವುದು ಆ ಮಾತುಕತೆ ಮುಗಿದ ಮೇಲೆ. ಆ ದಾಖಲೆಯನ್ನು ಎಷ್ಟು ಸಲ ಕೇಳಿದ್ದೇನೋ. ಕಂಪ್ರೆಸರ್ ಇದೆ, ಗಾಳಿಯಿದೆ, ಬಿಂದಿಗೆಗೆ ನೀರು ಬೀಳುವ ಸದ್ದೂ ಇದೆ. ಸೈರನ್ ಇಲ್ಲ, "ಬತ್ತಿ" ಎಂಬ ಕೂಗೂ ಇಲ್ಲ. ಅದಾದ ಮೇಲೆ ನನ್ನದೇ ಧ್ವನಿ: "ಸೈರನ್ ಆಗ್ತಾ ಇದೆ, ಏಳ್ರಮ್ಮಾ, ಓಡ್ರಿ!" ಆಮೇಲೆ ಮದ್ದು.

ವಿಚಾರಣೆಗೆ ಗಣಿ ಸುರಕ್ಷತೆಯ ಅಧಿಕಾರಿ ಬರುವ ಹೊತ್ತಿಗೆ ಕ್ವಾರಿಯ ವೇಷವೇ ಬದಲಾಗಿತ್ತು. ಹೆಂಗಸರ ತಲೆಯ ಮೇಲೆ ಹಳದಿ ಹೆಲ್ಮೆಟ್, ಕೆಂಪು ಬಾವುಟ, ಕನ್ನಡದ ಎಚ್ಚರಿಕೆ ಬೋರ್ಡು. ಆ ಹಳೆಯ ಸ್ಟ್ಯಾಂಡಿಗೆ ಬಣ್ಣ ಬಳಿದು, ಗುಂಡಿ ಒತ್ತಿದರೆ ಕೂಗುವ ಹೊಸ ಸೈರನ್ ಕೂರಿಸಿದ್ದರು. ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ. ಸೂಪರ್‌ವೈಸರ್ ನನ್ನನ್ನು ಬದಿಗೆ ಕರೆದು ಹೆಗಲ ಮೇಲೆ ಕೈ ಹಾಕಿದ. "ಸಾರ್, ಸೈರನ್ ಆಯ್ತು ಅಂತ ನೀವೇ ಕೂಗಿದ್ರಂತೆ, ಹೆಂಗಸ್ರೆಲ್ಲ ಹೇಳ್ತವ್ರೆ. ನೀವು ಓದ್ಕೊಂಡೋರು, ಸುಳ್ಳು ಹೇಳೋರಲ್ಲ. ಅದನ್ನೇ ಸಾಹೇಬ್ರ ಮುಂದೆ ಹೇಳ್ಬುಡಿ, ಸಾಕು."

ಅವನ ಲೆಕ್ಕಾಚಾರ ನನಗೆ ಆಗ ತಿಳಿಯಿತು. ಸೈರನ್ ಆಗಿದ್ದರೆ ಮಾಲೀಕ ಕಾನೂನು ಪಾಲಿಸಿದ ಹಾಗೆ. ಸೈರನ್ ಆದರೂ ಓಡದೆ ಉಳಿದದ್ದು ನಾಗರಾಜುವಿನ ತಪ್ಪಾಗುತ್ತದೆ. ಕಾಲು ಕಳೆದುಕೊಂಡವನೇ ತಪ್ಪಿತಸ್ಥ, ಅದಕ್ಕೆ ಸಾಕ್ಷಿ ನಾನು. ನನ್ನ ಜೀವಮಾನದಲ್ಲಿ ನನಗಾದ ಒಂದೇ ಒಂದು ಅಲೌಕಿಕ ಅನುಭವವನ್ನು ಈ ಮನುಷ್ಯ ತನ್ನ ಮಾಲೀಕನ ಜೇಬಿಗೆ ಹಾಕಿಕೊಡಲು ನಿಂತಿದ್ದ. ಮೈ ಉರಿದುಹೋಯಿತು.

ಅಧಿಕಾರಿ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೇಳಿದರು. "ಸೈರನ್ ಕೇಳಿಸಿತೋ ಇಲ್ಲವೋ?"

"ಕೇಳಿಸಿತು. ಆದರೆ ಅಲ್ಲಿ ಸೈರನ್ ಇರಲಿಲ್ಲ."

"ಎರಡೂ ಹೇಗೆ ಆಗುತ್ತೆ ಮೇಷ್ಟ್ರೇ? ಯಾವುದಾದರೂ ಒಂದು ಹೇಳಿ."

ಸುಳ್ಳು ಹೇಳಿ ನಾಗರಾಜುವನ್ನು ಉಳಿಸಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಅದರ ಬದಲು ಫೋನ್ ತೆಗೆದು ಕೇಳಿಸಿದೆ. ಸೈರನ್ ಇಲ್ಲದ್ದು ಅವರ ಕಿವಿಗೇ ಬೀಳಲಿ ಎಂದು. ನನ್ನ ಕೂಗು ಬಂದ ಕೂಡಲೇ ಸೂಪರ್‌ವೈಸರ್ ಎದ್ದು ನಿಂತು, "ನೋಡಿ ಸಾರ್, ಅವರ ಬಾಯಿಂದಾನೇ ಬಂತು!" ಎಂದ.

"ಹಾಗಾದರೆ ಕೇಳಿಸಿತು ಅಂತಲೇ ಬರೆದುಕೊಳ್ಳಿ. ಸೈರನ್ ಹಾಕಿದವರು ಯಾರು ಅಂತ ಇವರನ್ನು ಕೇಳಿ" ಎಂದೆ.

ಅಧಿಕಾರಿ ಅವನ ಕಡೆ ತಿರುಗಿದರು. "ಯಾರು?"

"ಅದೇ ಸಾರ್, ನಮ್ಮೋರೇ ಯಾರೋ ಒಬ್ರು..."

"ಹೆಸರು ಹೇಳ್ರಿ."

ಅವನು ಬಾಗಿಲ ಹೊರಗೆ ನಿಂತಿದ್ದ ಕೆಲಸಗಾರರ ಮೇಲೆ ಕಣ್ಣಾಡಿಸಿದ. ಒಬ್ಬೊಬ್ಬರೂ ತಲೆ ತಗ್ಗಿಸಿದರು. ಮದ್ದು ಹಾರುವ ಹೊತ್ತಿಗೆ ಎಲ್ಲರೂ ಎಲ್ಲಿದ್ದರೆಂದು ಎಲ್ಲರಿಗೂ ಗೊತ್ತಿತ್ತು; ಸ್ಟ್ಯಾಂಡಿನ ಹತ್ತಿರ ನಾನು, ರತ್ನಮ್ಮ ಬಿಟ್ಟರೆ ಯಾರೂ ಇರಲಿಲ್ಲ. ಆಗ ಗುಂಪಿನಿಂದ ರತ್ನಮ್ಮ ಮುಂದೆ ಬಂದಳು. ದೊಡ್ಡ ಹೆಲ್ಮೆಟ್ ಕಣ್ಣಿನ ತನಕ ಇಳಿದಿತ್ತು. ಅದನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ಹೆಸರು ನಾನು ಹೇಳ್ತೀನಿ ಸಾಮಿ. ನಮ್ಮನೆಯೋರು."

"ಅವರಿಗೆ ಹೆಸರಿಲ್ವೇನಮ್ಮ?"

ನಮ್ಮ ಕಡೆ ಆಕೆಯ ವಯಸ್ಸಿನ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲೂ ಪಕ್ಕದವರಿಂದ ಹೇಳಿಸುತ್ತಾರೆ. ಪಕ್ಕದಲ್ಲಿದ್ದವಳು ಹೇಳಲು ಬಾಯಿ ತೆರೆದಳು. ರತ್ನಮ್ಮ ಕೈಯಲ್ಲೇ ತಡೆದಳು. "ತಿಮ್ಮರಾಯಪ್ಪ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಸರಿ, ಕರೀರಿ ಅವರನ್ನ."

"ಬರಾಕಿಲ್ಲ ಸಾಮಿ" ಎಂದಳು ರತ್ನಮ್ಮ. "ಇಲ್ಲೇ ದೂಳು ಕುಡಿದು ಸತ್ರು. ನಾವೇ ಮಣ್ಣು ಮಾಡಿದ್ವಿ. ಆದ್ರೂ ಕೆಲ್ಸ ಬುಟ್ಟಿಲ್ಲ ನೋಡಿ. ಸಂಬ್ಳ ಇಲ್ದೇನೇ ಮಾಡ್ತಾವ್ರೆ. ಇಂಥ ಕೂಲಿಯೋರು ಇನ್ನೆಲ್ಲಿ ಸಿಕ್ತಾರೆ ಈ ಧಣಿಗೆ?"

ಅಧಿಕಾರಿ ಪೆನ್ನಿಗೆ ಕ್ಯಾಪ್ ಹಾಕಿದರು. ಸೂಪರ್‌ವೈಸರ್‌ನ ಮುಖ ನೋಡುವ ಹಾಗಿತ್ತು. ಆದರೆ ಓದುಗರೇ, ಅಲ್ಲಿಗೆ ನ್ಯಾಯ ಸಿಕ್ಕಿತೆಂದು ತಿಳಿಯಬೇಡಿ. ಆಮೇಲೆ ಅವರು ಏನು ಬರೆದುಕೊಂಡರೋ ನಮಗೆ ಯಾರೂ ತೋರಿಸಿಲ್ಲ. ಕೇಳಿದಾಗಲೆಲ್ಲ ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ನಾಗರಾಜುವಿನದು ತಪ್ಪೋ ಅಲ್ಲವೋ ಎಂಬುದು ಇವತ್ತಿಗೂ ಯಾವುದೋ ಮೇಜಿನ ಮೇಲೆ ಕೂತಿದೆ. ಕ್ವಾರಿ ಮಾತ್ರ ನಡೆಯುತ್ತಿದೆ. ಹೆಲ್ಮೆಟ್ಟುಗಳನ್ನು ವಾಪಸ್ ಇಸಿದುಕೊಂಡು ಶೆಡ್ಡಿನಲ್ಲಿಟ್ಟು ಬೀಗ ಹಾಕಿದ್ದಾರೆ. ಹೊಸ ಸೈರನ್ನಿನ ಪ್ಲಾಸ್ಟಿಕ್ ಕವರ್ ಹಾಗೆಯೇ ಇದೆ ಎಂದು ದೊಡ್ಡಮ್ಮ ಹೇಳುತ್ತಾಳೆ.

ಕಳೆದ ಬೇಸಿಗೆಯಲ್ಲಿ ನಾಗರಾಜುವನ್ನು ನೋಡಲು ಪಾವಗಡದ ಆಚೆ ಅವನ ಊರಿಗೆ ಹೋಗಿದ್ದೆ. "ರಾಂಡಿ ಸಾರೂ, ಕೂರ್ಚೋಂಡಿ" ಎಂದು ತೆಲುಗಿನಲ್ಲೇ ಕರೆದು ಮಂಚದ ಮೇಲೆ ಜಾಗ ಬಿಟ್ಟ. ಊರುಗೋಲು ಗೋಡೆಗೆ ಒರಗಿತ್ತು. ದೊಡ್ಡಮ್ಮನ ಊರವರ ಸುದ್ದಿಯೆಲ್ಲ ವಿಚಾರಿಸಿಕೊಂಡ ಮೇಲೆ, "ನಿಮಗೆ ಸೈರನ್ ಕೇಳ್ಸಿದ್ದು ನಿಜಾನಾ ಸಾರೂ?" ಎಂದ.

"ನಿಜ ಅಂತಲೇ ಅನ್ನಿಸುತ್ತೆ. ನೀನು ಡ್ರಿಲ್ ಹಿಡಿದಿದ್ದೆ, ಅದಕ್ಕೇ ನಿನಗೆ ಕೇಳಿಸಿಲ್ಲ. ಕಿವಿಗೆ ಹಾಕೋಕೂ ಅವರು ಏನೂ ಕೊಟ್ಟಿರಲಿಲ್ಲವಲ್ಲ."

ಅವನು ಜೋರಾಗಿ ನಕ್ಕ. "ನಿಮ್ಮ ಫೋನಿಗೂ ಕೇಳ್ಸಿಲ್ಲಂತಲ್ಲ, ಅದು ಯಾವ ಡ್ರಿಲ್ ಹಿಡಿದಿತ್ತು?"

ನನಗೂ ನಗು ಬಂತು. ಅವನು ಪಂಚೆಯ ಅಂಚನ್ನು ಮಂಡಿಯ ಕೆಳಗೆ, ಏನೂ ಇಲ್ಲದ ಕಡೆ, ಎಳೆದು ಮುಚ್ಚಿಕೊಂಡ.

"ತಿಮ್ಮರಾಯಣ್ಣನೂ ನಾನೂ ಒಂದೇ ಬುತ್ತೀಲಿ ಉಂಡೋರು ಸಾರೂ. ದಿನಾ ನನ್ನ ಹೆಸ್ರು ಕರೆದು ಎಬ್ಬಿಸಿ ಆಮೇಲೇ ಸೈರನ್ನಿಗೆ ಕೈ ಹಾಕ್ತಿದ್ದ. ಅವತ್ತು ನನ್ನ ಬುಟ್ಟು, ಗುರ್ತೇ ಇಲ್ಲದ ನಿಮಗ್ಯಾಕೆ ಕೇಳ್ಸಿದ?"

ಅವನು ನಿಜಕ್ಕೂ ಉತ್ತರಕ್ಕಾಗಿ ಕಾಯುತ್ತಿದ್ದ.