ಸುಶಿಯ ಸಾಸಿಗೆ ಎಣ್ಣೆ ಬಿಡುವ ಬಗೆ

ಎಣ್ಣೆಯ ಬಾಟಲಿಯನ್ನು ಎಷ್ಟೇ ಜೋಪಾನವಾಗಿ ಬಗ್ಗಿಸಿದರೂ ಹನಿ ಬೀಳುವುದಿಲ್ಲ. ಮೊದಲು ಸುಮ್ಮನಿರುತ್ತದೆ, ಆಮೇಲೆ ಒಮ್ಮೆಲೇ ಗಳಗಳನೆ ಸುರಿಯುತ್ತದೆ. ಅರವತ್ತೆಂಟು ವರ್ಷ ಈ ಸಂಗತಿ ನನ್ನ ಗಮನಕ್ಕೆ ಬಂದಿರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ನಾರಾಯಣಪೇಟೆಯ ಮಗ್ಗದ ಮನೆಗೆ ಸೊಸೆಯಾಗಿ ಬಂದವಳು ನಾನು. ನಮ್ಮಲ್ಲಿ ಎಣ್ಣೆ ಎಂದರೆ ಒಂದು ಒಗ್ಗರಣೆಗೆ, ಇನ್ನೊಂದು ಗಂಜಿಗೆ. ಗಂಜಿ ಎಂದರೆ ಕುಡಿಯುವುದಲ್ಲ. ನೇಯುವ ಮುನ್ನ ನೂಲು ಗಟ್ಟಿಯಾಗಲೆಂದು ಬಳಿಯುವ ಅಕ್ಕಿಯ ಅಂಟು. ಕುದಿಯುವ ಗಂಜಿಗೆ ಸೌಟು ಎಣ್ಣೆಯನ್ನು ಒಮ್ಮೆಲೇ ಹೊಯ್ದು ತಿರುವಿದರೆ ಮುಗಿಯಿತು, ನೂಲು ನುಣುಪಾಗುತ್ತದೆ.

ಈಗ ಕುಡಿಯುವ ಗಂಜಿಯೂ ನಮ್ಮ ಮನೆಗೆ ಬಂದಿದೆ. ಯಜಮಾನರ ಬಾಯಿಗೆ ಹೈದರಾಬಾದಿನಲ್ಲಿ ಆಪರೇಷನ್ ಆಯಿತು, ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಹಿಡಿಸಿದರು. ಐವತ್ತು ವರ್ಷ ದವಡೆಯಲ್ಲಿ ತಂಬಾಕು ಇಟ್ಟುಕೊಂಡವರು. ನಾನು ಹೇಳಿ ಹೇಳಿ ಸಾಕಾಗಿ ಬಿಟ್ಟವಳು. ಡಾಕ್ಟರು ಹೇಳಿದ್ದು ಎರಡೇ ಮಾತು: ಉಂಡರೆ ಗಾಯ ಮಾಯುತ್ತದೆ, ಉಣ್ಣದಿದ್ದರೆ ಮೂಗಿಗೆ ನಳಿಗೆ. ಆದರೆ ಬಟ್ಟಲು ಹಿಡಿದು ಹೋದರೆ ಇವರು ಗೋಡೆಗೆ ಮುಖ ತಿರುಗಿಸುತ್ತಿದ್ದರು.

"ನೂಲಿಗೆ ಹಚ್ಚೋದು ನನಗ ಕುಡಸಾಕ ಬಂದೀಯೇನು?"

"ನೂಲಾರ ಕುಡೀತೈತ್ರಿ. ನೀವು ಅದೂ ಇಲ್ಲ," ಎಂದೆ.

ಈ ನಡುವೆ ಮೊಮ್ಮಗಳು ಭಾಗ್ಯಾಗೆ ಸುಶಿಯ ಹುಚ್ಚು ಹತ್ತಿತು. ಇಲ್ಲೇ ಡಿಗ್ರಿ ಓದುತ್ತಾಳೆ. ಪುಸ್ತಕಕ್ಕಿಂತ ಹೆಚ್ಚು ಫೋನು ಓದುತ್ತಾಳೆ. ಅಂಟಂಟು ಅನ್ನ, ಸೌತೆಕಾಯಿ, ಗಜ್ಜರಿ, ಇವನ್ನು ಸಮುದ್ರದ ಪಾಚಿಯ ಕರಿ ಹಾಳೆಯಲ್ಲಿ ಸುತ್ತಿ ತುಂಡು ಕೊಯ್ಯುವುದಂತೆ. ಹಾಳೆ ನೋಡಿದರೆ ಕಾರ್ಬನ್ ಕಾಗದ, ಅನ್ನ ನೋಡಿದರೆ ನಮ್ಮ ಗಂಜಿಯ ತಂಗಿ. ಅದರ ಜೊತೆಗೆ ಖಾರದ, ಕೆನೆಯಂಥ ಸಾಸು ಬೇಕೇ ಬೇಕು. ಅದಕ್ಕೆ ಕೋಳಿಯ ತತ್ತಿ ಹಾಕುತ್ತಾರಂತೆ. ಲಿಂಗ ಕಟ್ಟಿದ ಮನೆಯಲ್ಲಿ ಅದು ನಡೆಯದು, ತಣ್ಣನೆಯ ಹಾಲಿಗೆ ಎಣ್ಣೆ ಕೂಡಿಸಿ ಮಾಡುತ್ತೇನೆ ಎಂದಳು. ಖಾರಕ್ಕೆ ನನ್ನ ರಂಜಕವಿತ್ತು: ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಹಾಕಿ ಅರೆದದ್ದು.

ಕೆನೆಯೊಳಗೆ ಖಾರ ಎಂದಾಗ ನನ್ನ ತಲೆಯಲ್ಲಿ ಸುಶಿ ಇರಲಿಲ್ಲ, ಗೋಡೆಗೆ ತಿರುಗಿದ ಮುಖವಿತ್ತು. ರಂಜಕವಿಲ್ಲದೆ ರೊಟ್ಟಿ ಮುರಿಯದಿದ್ದ ಮನುಷ್ಯ. ಡಾಕ್ಟರು ಖಾರ ಬೇಡವೆಂದಿದ್ದರು, ನಿಜ. ಆದರೆ ಇಷ್ಟು ಕೆನೆಯಲ್ಲಿ ಕಡಲೆಯಷ್ಟು ರಂಜಕ ಯಾವ ಲೆಕ್ಕ ಎಂದು ನನ್ನಷ್ಟಕ್ಕೆ ನಾನೇ ಡಾಕ್ಟರಾದೆ.

ಭಾಗ್ಯಾ ಅನ್ನ ಆರಹಾಕಲು ಎದ್ದಾಗ ಮಿಕ್ಸರ್ ನನ್ನ ಕೈಗೆ ಬಂತು. ಹಾಲು ತಿರುಗುತ್ತಿತ್ತು. ಗಂಜಿಗೆ ಪಳಗಿದ ಕೈ. ಬಟ್ಟಲು ಎಣ್ಣೆಯನ್ನು ಒಮ್ಮೆಲೇ ಹೊಯ್ದೆ. ಎಣ್ಣೆ ಮೇಲೆ, ಹಾಲು ಕೆಳಗೆ, ಮಾತು ಬಿಟ್ಟ ಓರಗಿತ್ತಿಯರ ಹಾಗೆ.

"ಅಜ್ಜಿ, ಇದು ನೂಲಿಗೆ ಹಚ್ಚೋದಲ್ಲ. ಹನಿ ಹನಿ ಬಿಡಬೇಕು."

"ಮೊದಲ ಹೇಳಬಾರದೇನು?"

"ಹೇಳಾಕ ಪುರಸೊತ್ತು ಕೊಟ್ಟೀಯೇನು ನೀ?"

ನಿಮ್ಮ ಕೈಯಲ್ಲೂ ಒಡೆದರೆ ಚೆಲ್ಲಬೇಡಿ. ಅವಳು ಅದನ್ನು ಬಟ್ಟಲಿಗೆ ಬಗ್ಗಿಸಿ, ಮಿಕ್ಸರಿಗೆ ಹೊಸದಾಗಿ ಎರಡು ಚಮಚ ತಣ್ಣನೆಯ ಹಾಲು ಹಾಕಿ, ಮಿಕ್ಸರ್ ತಿರುಗುತ್ತಿರುವಾಗಲೇ ಒಡೆದದ್ದನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ಬೆಣ್ಣೆಯಂತೆ ಕೂಡಿಕೊಂಡಿತು. ಗಂಜಿಯ ಹದ ನೋಡುವಂತೆ ಎರಡು ಬೆರಳ ನಡುವೆ ಹಿಡಿದು ನೋಡಿ ರಂಜಕ ಕಲಸಿದೆ. ಕೆಂಪೇರಿತು.

ಅವಳ ಸುಶಿ ಅವಳಿಗೆ. ನಾನು ನುಣ್ಣಗೆ ಕಿವುಚಿದ ಅನ್ನಕ್ಕೆ ಆ ಸಾಸು ಬೆರೆಸಿ ಇವರಿಗೆ ಒಯ್ದೆ. ಒಂದು ಚಮಚ ಬಾಯಿಗೆ ತೆಗೆದುಕೊಂಡರು. ಉರಿದೀತೆಂದು ಹಾಲಿನ ಲೋಟ ಹಿಡಿದು ನಿಂತಿದ್ದೆ.

"ಖಾರ ಎಲ್ಲೈತಿ?"

"ಹಾಕೀನ್ರಿ."

"ಸುಳ್ಳು. ಡಾಕ್ಟರಿಗೆ ಅಂಜಿ ಬಿಟ್ಟೀದಿ."

ಸಾಸಿನ ಬಟ್ಟಲನ್ನೇ ತಂದು ಮುಖದ ಮುಂದೆ ಹಿಡಿದೆ. ನೂಲಿನ ಬಣ್ಣ ನೋಡಿ ಬದುಕಿದ ಕಣ್ಣು ಅವರದು. ಬಹಳ ಹೊತ್ತು ನೋಡಿದರು.

"ಹಂಗಾದ್ರ ನನ್ನ ನಾಲಗೀನ ಹೋಗೈತಿ."

ಇಲ್ಲವೆನ್ನಬಹುದಿತ್ತು; ನಂಬುವ ಮನುಷ್ಯನಲ್ಲ. "ಹೋಗೈತ್ರಿ," ಎಂದೆ. "ನುಂಗಾಕ ಬರತೈತೋ ಇಲ್ಲೋ?"

"ಜಾರತೈತಿ."

"ಹಂಗಾದ್ರ ಉಣ್ರಿ."

ನಾಲ್ಕು ಚಮಚ ಉಂಡರು. ಲೋಟ ನನ್ನ ಕೈಯಲ್ಲೇ ಉಳಿಯಿತು.

ಆಮೇಲೆ ದಿನವೂ ಮಾಡುತ್ತಿದ್ದೇನೆ. ರಂಜಕ ನಿಲ್ಲಿಸಿದ್ದೇನೆ, ಉರಿ ಗೊತ್ತಾಗದ ಬಾಯಿ ಸುಟ್ಟರೂ ಗೊತ್ತಾಗದು. ಬಣ್ಣಕ್ಕೆ ಚೂರು ಗಜ್ಜರಿ ಬೇಯಿಸಿ ಅರೆದು ಹಾಕುತ್ತೇನೆ. ಅದು ಆ ಕೆಂಪಲ್ಲವೆಂದು ಮೊದಲ ದಿನವೇ ಅವರಿಗೆ ಗೊತ್ತಾಗಿರಬೇಕು, ಆದರೂ ಬಾಯಿ ತೆರೆದರು. ನಾಲ್ಕಿದ್ದ ಚಮಚ ನಿನ್ನೆ ಮೂರಾಯಿತು. ನಳಿಗೆಯ ಮಾತು ತೀರಿಲ್ಲ. ದಬ್ಬಣ ಕಾಯಿಸಿ ಎಣ್ಣೆಯ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿದ್ದೇನೆ. ಬಗ್ಗಿಸಿದರೆ ಈಗ ಹನಿಯೇ ಬೀಳುತ್ತದೆ. ಇನ್ನೊಂದು ಬೀಳುವ ತನಕ ನಿಂತಿರುತ್ತೇನೆ.