ಅಪ್ಪ ಜೋಡು ಹಾಕಿಕೊಳ್ಳುತ್ತಿದ್ದ ಒಂದೇ ಓಣಿ

ಬೀದರದ ಗಾಂಧಿ ಗಂಜ್ ಪೇಟೆಗೆ ನಾನು ಹೋಗಿದ್ದು ತೊಗರಿಬೇಳೆ ತರಲು. ನೌಬಾದದಿಂದ ಅಷ್ಟು ದೂರ ಬಂದು, ಎರಡು ಸೇರು ಬೇಳೆಗಾಗಿ ನಾಲ್ಕು ಅಂಗಡಿ ಹತ್ತಿ ಇಳಿಯುವುದು ನನ್ನ ಹಳೆಯ ಚಟ. ಶಾಲೆಯಿಂದ ನಿವೃತ್ತಳಾದ ಮೇಲೆ ತಪ್ಪು ಹುಡುಕಲು ಮಕ್ಕಳ ಪಾಟಿ ಸಿಗುವುದಿಲ್ಲವಲ್ಲ, ಬೇಳೆಯಲ್ಲಾದರೂ ಹುಡುಕಬೇಕು. ಹಮಾಲರ ಕೈಗಾಡಿಯೊಂದು ಅಡ್ಡ ಬಂತೆಂದು ಬದಿಗೆ ಸರಿದು ನಿಂತೆ. ಅಲ್ಲಿ ಚಪ್ಪಲಿ ಹೊಲಿಯುವವನೊಬ್ಬ ಬೋಗುಣಿಯಲ್ಲಿ ತೊಗಲು ನೆನೆಹಾಕಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೇಳೆ ಮರೆತುಹೋಯಿತು.

ನೆನೆದ ತೊಗಲಿನ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ, ಗೊತ್ತು. ನೀವು ಮೂಗು ಮುಚ್ಚಿಕೊಂಡರೆ ನನಗೆ ಬೇಸರವಿಲ್ಲ. ನನಗೆ ಮಾತ್ರ ಅದು ಮುತ್ಯಾನ ವಾಸನೆ. ಮುತ್ಯಾ ಅಂದರೆ ನಮ್ಮ ಕಡೆ ಅಜ್ಜ. ಸಾಯಬಣ್ಣ ಅವನ ಹೆಸರು. ಔರಾದ ಕಡೆಯ ಒಂದು ಸಣ್ಣ ಊರಿನಲ್ಲಿ ಜೋಡು ಹೊಲಿಯುತ್ತಿದ್ದ. ಅವನು ಹೊಲಿದ ಜೋಡು ಹಾಕಿಕೊಂಡು ನಡೆದರೆ ಕಿರ್ರ್ ಕಿರ್ರ್ ಎನ್ನುತ್ತಿತ್ತು. ಅಟ್ಟೆಯ ಎರಡು ಪದರಿನ ನಡುವೆ ಅದೇನೋ ಬೀಜ ಇಟ್ಟು ಹೊಲಿಯುತ್ತಿದ್ದ. ಯಾವ ಬೀಜವೆಂದು ಸಾಯುವವರೆಗೂ ಹೇಳಲಿಲ್ಲ.

ನಾನು ಹೇಳುತ್ತಿರುವುದು ನಿಜಾಮರ ಕಾಲದ ಮಾತು. ಆ ಊರಿನಲ್ಲಿ ಪಾಟೀಲರ ವಾಡೆಯ ಮುಂದೆ ಹಾದುಹೋಗುವಾಗ ನಮ್ಮ ಕೇರಿಯವರು ಜೋಡು ಕಳಚಿ ಕೈಯಲ್ಲಿ ಹಿಡಿದುಕೊಳ್ಳಬೇಕಾಗಿತ್ತು. ಓಣಿ ಶುರುವಾಗುವಲ್ಲಿ ಒಂದು ಬಾವಿ. ಅದರ ಹೊರಗಿನ ಕಲ್ಲಿನ ಮೇಲೆ ಕೂತು ಕಳಚುವುದು, ಓಣಿ ದಾಟಿದ ಮೇಲೆ ಹಾಕಿಕೊಳ್ಳುವುದು. ಜೋಡು ಇದ್ದವರೇ ಕೇರಿಯಲ್ಲಿ ನಾಲ್ಕೈದು ಮಂದಿ, ಆ ಮಾತು ಬೇರೆ. ತನ್ನ ತೊಡೆಯ ತೊಗಲಿನಿಂದ ಜೋಡು ಮಾಡಿಕೊಟ್ಟ ಕಲ್ಯಾಣದ ಶರಣನ ಕತೆ ಕೇಳಿ ಪಾಟೀಲರ ಮನೆಯಲ್ಲಿಯೂ ಕಣ್ಣೀರು ಹಾಕುತ್ತಿದ್ದರು. ಕತೆ ಕತೆಯ ಪಾಡಿಗೆ, ಓಣಿ ಓಣಿಯ ಪಾಡಿಗೆ. ಮುತ್ಯಾ ಹುಡುಗನಾಗಿದ್ದಾಗ, ಹೊಸದಾಗಿ ಹೊಲಿದ ಜೋಡು ಕಚ್ಚುತ್ತದೋ ಇಲ್ಲವೋ ನೋಡಲು ಕಾಲಿಗೆ ಹಾಕಿಕೊಂಡವನು, ಮೈಮರೆತು ಹಾಗೆಯೇ ಓಣಿಯಲ್ಲಿ ನಡೆದುಬಿಟ್ಟನಂತೆ. ಅದೇ ಜೋಡನ್ನು ಅವನ ಕೊರಳಿಗೆ ಕಟ್ಟಿ ಊರು ತಿರುಗಿಸಿದರು. ಮಗನನ್ನು ಬೀದರದ ಮಿಷನ್ ಶಾಲೆಗೆ ಹಾಕಿದ್ದರ ಹಿಂದೆ ಮುತ್ಯಾನಿಗೆ ಮೋಕ್ಷದ ಯೋಚನೆ ಎಷ್ಟಿತ್ತೋ ಕಾಣೆ. ಮಗ ಆ ಓಣಿಯಲ್ಲಿ ಜೋಡು ಹಾಕಿಕೊಂಡು ನಡೆಯಬೇಕು ಎಂಬುದಂತೂ ಇತ್ತು.

ಮಗ, ಅಂದರೆ ನಮ್ಮ ಅಪ್ಪ, ಓದಿ ಭಾಲ್ಕಿಯಲ್ಲಿ ಉಪದೇಶಕನಾದ. ತಿಂಗಳಿಗೊಮ್ಮೆ ಮಾಂಜ್ರಾ ನದಿ ದಾಟಿ ಔರಾದದವರೆಗೆ ನಡೆದು, ದಾರಿಯ ಕೇರಿಗಳಲ್ಲಿ ಮಕ್ಕಳಿಗೆ ಅಕ್ಷರ, ದೊಡ್ಡವರಿಗೆ ಸುವಾರ್ತೆ ಹೇಳಿ ಬರುತ್ತಿದ್ದ. ಮುತ್ಯಾ ತನ್ನ ಕಸುಬೆಲ್ಲ ಸುರಿದು ಅವನಿಗೊಂದು ಜೋಡು ಹೊಲಿದುಕೊಟ್ಟ. ಮಿಷನ್ ಕೋಟು, ಕಿರುಗುಟ್ಟುವ ಜೋಡು ಹಾಕಿಕೊಂಡು ಅಪ್ಪ ಓಣಿಯಲ್ಲಿ ನಡೆದರೆ ಪಾಟೀಲರು ಹಲ್ಲು ಕಡಿದರು. ಆದರೆ ಬೀದರದಲ್ಲಿ ದೊರೆಗಳ ಭಾಷೆ ಮಾತಾಡುವ ಬಿಳಿ ಪಾದ್ರಿ ಇದ್ದನಲ್ಲ, ಸುಮ್ಮನಿದ್ದರು. ಎರಡು ವರ್ಷ ಹೀಗೆ ನಡೆಯಿತು. ಮುತ್ಯಾನಿಗೆ ಆಗ ಸ್ವರ್ಗ ಮೂರೇ ಗೇಣು.

ಆಮೇಲೆ ಕೆಟ್ಟಿತು. ಯೇಸುಸ್ವಾಮಿ ತನ್ನ ಶಿಷ್ಯರನ್ನು ಊರೂರಿಗೆ ಕಳಿಸುವಾಗ ಚೀಲ ಬೇಡ, ಎರಡನೆಯ ಅಂಗಿ ಬೇಡ, ಕಾಲಿಗೆ ಜೋಡೂ ಬೇಡ ಎಂದು ಹೇಳಿದ ಭಾಗವನ್ನು ಅಪ್ಪ ಒಂದು ಕೇರಿಯಲ್ಲಿ ರಸವತ್ತಾಗಿ ವಿವರಿಸುತ್ತಿದ್ದನಂತೆ. ಮುಂದೆ ಕೂತಿದ್ದ ಮುದುಕಿಯೊಬ್ಬಳು ಯಾವ ಕುಚೋದ್ಯವೂ ಇಲ್ಲದೆ ಕೇಳಿದಳು:

"ಹಂಗಾರ ನಿಮ್ಮ ಕಾಲಾಗಿಂದು ಏನ್ರಿ ಅದು?"

ಅಪ್ಪ ಅಲ್ಲೇ ಜೋಡು ಕಳಚಿ ಕೈಗೆತ್ತಿಕೊಂಡ. ಬರಿಗಾಲಿನಲ್ಲಿ ಭಾಲ್ಕಿಗೆ ಬಂದು ಜೋಡನ್ನು ಗೋಡೆಯ ಗೂಡಿನಲ್ಲಿಟ್ಟ. ಮರುದಿನ ಎರಡನೆಯ ಕೋಟು ರೈಲ್ವೆ ಹಮಾಲನಿಗೆ ಹೋಯಿತು. ಆಮೇಲೆ ಕೊಡೆ, ಆಮೇಲೆ ಮಂಚ. ಮಂಚ ಹೊರಬೀಳುವ ದಿನ ಅವ್ವ ಬಾಗಿಲಿಗೆ ಅಡ್ಡ ನಿಂತು, "ಇನ್ನ ಉಳದಾಕಿ ನಾ ಒಬ್ಬಾಕಿ. ನನ್ನ ಯಾರಿಗಿ ಕೊಡ್ತೀರಿ ಅದೂ ಹೇಳಿಬಿಡ್ರಿ" ಎಂದಳು. ಅಪ್ಪ ನಕ್ಕ. ಮಂಚ ಹೋಯಿತು, ಅವ್ವ ಉಳಿದಳು.

ನಾನಾಗ ಹನ್ನೆರಡು ವರ್ಷದವಳು, ಬೀದರದ ಬೋರ್ಡಿಂಗಿನಲ್ಲಿ ಓದುತ್ತಿದ್ದೆ. ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಭೂಮಿಗೆ ಉಪಕಾರ ಮಾಡುವವಳಂತೆ ನಡೆಯುತ್ತಿದ್ದೆ. ರಜೆಗೆ ಬಂದಾಗ ಅಪ್ಪನ ಒಡೆದ ಹಿಮ್ಮಡಿ ನೋಡಿ ನಾಚಿಕೆಯಾಗುತ್ತಿತ್ತು. ಪೇಟೆಯಲ್ಲಿ ಅವನ ಜೊತೆ ಹೋಗಬೇಕಾದರೆ ಹತ್ತು ಹೆಜ್ಜೆ ಹಿಂದೆ ಉಳಿಯುತ್ತಿದ್ದೆ. ಅಪ್ಪ ಅದನ್ನು ನೋಡಿಯೂ ನೋಡದವನಂತೆ, ನನಗೆ ದಣಿವಾಗಿದೆ ಎಂದುಕೊಂಡು, ನಿಧಾನ ನಡೆಯುತ್ತಿದ್ದ.

ಆ ರಜೆಯಲ್ಲೇ ಒಂದು ಮಧ್ಯಾಹ್ನ ಮುತ್ಯಾ ಊರಿನಿಂದ ನಡೆದು ಬಂದ. ಒಳಗೆ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತ. ಅವ್ವ ತಂಬಿಗೆಯಲ್ಲಿ ನೀರು ತಂದರೆ ಕೈ ಅಡ್ಡ ಮಾಡಿದ.

"ಇವ ಕಾಲಿಗಿ ಜೋಡು ಹಾಕ್ಕೊಳ್ಳೋತನಾ ಈ ಮನ್ಯಾಗಿನ ನೀರು ಮುಟ್ಟಲ್ಲವ್ವ."

ಉಡಿಯಿಂದ ಬಾಡಿದ ಎಲೆ ಅಡಿಕೆ ತೆಗೆದು ಅಪ್ಪನ ಮುಂದೆ ಇಟ್ಟ. "ಪಾಟೀಲ ಚಾವಡಿಗಿ ಕರಸಿ ಕೊಟ್ಟಾನ. ಸಾಯಬಣ್ಣನ ಮಗ ಕಿರಿಸ್ತಾನ ಆದ್ರೂ ಕುಲದ ಮರ್ಯಾದಿ ಬಿಟ್ಟಿಲ್ಲ, ವಾಡೆ ಮುಂದ ಬರಿಗಾಲಿಲೆ ಹೋಗ್ತಾನ ಅಂತ ಎಲ್ಲರ ಮುಂದ ಹೊಗಳ್ದ. ನುಂಗ್ಲಿಕ್ಕಿ ಬರವಲ್ದು, ಒಗೀಲಿಕ್ಕಿ ಬರವಲ್ದು. ನೀನೇ ಇಟ್ಕೋ."

ಅಪ್ಪ ಬಿಳಿಚಿಕೊಂಡ. ಬರಿಗಾಲಿನ ಹಿಂದೆ ಹೀಗೊಂದು ಅರ್ಥ ಕಾದು ಕೂತಿದೆಯೆಂದು ಅವನಿಗೆ ಹೊಳೆದಿರಲಿಲ್ಲ. ಇಂಥ ತಪ್ಪು ನಮ್ಮವರು ಮಾತ್ರ ಮಾಡಬಲ್ಲರು. ಬೇರೆಯವರು ಜೋಡು ಬಿಟ್ಟರೆ ವೈರಾಗ್ಯ ಎನ್ನುತ್ತಾರೆ.

"ನಾ ಪಾಟೀಲಗ ಅಂಜಿ ಬಿಟ್ಟಿಲ್ಲಪ್ಪಾ. ಸ್ವಾಮಿ ಕರದಾನಂತ ಬಿಟ್ಟೀನಿ."

"ಏಳು ತಲಿ ನಾವು ಬರಿಗಾಲಿಲೆ ನಡದೇವಿ. ನಿಮ್ಮ ಸ್ವಾಮಿ ನಮಗ ಹೊಸಾದು ಏನು ಹೇಳ್ದ? ಬಿಡಬೇಕಾದ್ರ ಮೊದಲ ಇರಬೇಕಲ್ಲೋ."

ಮುತ್ಯಾ ಇಷ್ಟು ಹೇಳಿ, ಅಪ್ಪನ ಪಾದ ಎಳೆದುಕೊಂಡು ತೊಡೆಯ ಮೇಲಿಟ್ಟುಕೊಂಡ. ಚೀಲದಿಂದ ಜೋಡು ಹೊಲಿಯುವ ಆರಿ ತೆಗೆದು ಜಾಲಿಮುಳ್ಳು ಒಂದೊಂದಾಗಿ ಕೀಳತೊಡಗಿದ. ಬೈಯುತ್ತಲೇ ಕೀಳುತ್ತಿದ್ದ. ಕೈ ಮಾತ್ರ ಬಲು ಮೆತ್ತಗಿತ್ತು.

ಆಮೇಲೆ ನನ್ನ ಕಡೆ ತಿರುಗಿದ. "ನೀ ಓದಿದಾಕಿ. ನಿಮ್ಮ ಸ್ವಾಮಿ ಜೋಡಿಂದು ಎಲ್ಲೆಲ್ಲಿ ಹೇಳ್ಯಾನ, ಅಷ್ಟೂ ಓದು." ನಾನು ಹೆಮ್ಮೆಯಿಂದ ಗ್ರಂಥ ಬಿಚ್ಚಿ ಹುಡುಕಿದೆ. ಒಂದು ಸುವಾರ್ತೆಯಲ್ಲಿ ಜೋಡು ಬೇಡವೆಂದಿತ್ತು. ಇನ್ನೊಂದರಲ್ಲಿ, ಅದೇ ಸ್ವಾಮಿ ಅದೇ ಶಿಷ್ಯರಿಗೆ, ಕೋಲು ಹಿಡಿದು ಜೋಡು ಮೆಟ್ಟಿ ಹೋಗಿರಿ ಎಂದಿತ್ತು. ಮುತ್ಯಾನ ಮುಖ ಅರಳಿತು. "ಇವ ತಿಳದಾಂವ" ಎಂದ, ಎರಡನೆಯದನ್ನು ಬರೆದವನ ಬಗ್ಗೆ. ಅಪ್ಪ ಎರಡೂ ಕಡೆ ಬೆರಳಿಟ್ಟು ಬಹಳ ಹೊತ್ತು ನೋಡಿದ. "ಎರಡೂ ಖರೇನೇ ಇರಬೇಕು" ಎಂದ. ಮೂರು ದಿನ ಅವನಿಗೆ ಊಟ ಸೇರಲಿಲ್ಲ. ಮೂರು ದಿನವೂ ಮುತ್ಯಾ ಪಕ್ಕದ ಮನೆಯ ನೀರು ಕುಡಿದು ಕಟ್ಟೆಯ ಮೇಲೆಯೇ ಇದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ಗೂಡಿನಿಂದ ಜೋಡು ತೆಗೆದು, ಒರೆಸಿ, ದಾರ ಕಟ್ಟಿ ಹೆಗಲಿಗೆ ಹಾಕಿಕೊಂಡ. ಮೂವರೂ ಊರಿಗೆ ಹೊರಟೆವು. ಜೋಡು ಹೆಗಲ ಮೇಲೆ, ಕಾಲು ಮಣ್ಣಿನ ಮೇಲೆ. "ಹೊತಗೊಂಡು ಹೋಗೋದು ನಮಗೇನು ಹೊಸಾದಲ್ಲ ಬಿಡು" ಎಂದು ಮುತ್ಯಾ ದಾರಿಯುದ್ದಕ್ಕೂ ಗೊಣಗಿದ. ಮಾಂಜ್ರಾದ ಕಾದ ಮರಳಿನಲ್ಲಿಯೂ ಅಪ್ಪ ಹಾಕಿಕೊಳ್ಳಲಿಲ್ಲ. ನಾನು ಬೂಟಿಗೆ ಧೂಳು ಹತ್ತಿತೆಂದು ಅಳುಮುಖ ಮಾಡಿಕೊಂಡು ಹಿಂದೆ ಬರುತ್ತಿದ್ದೆ.

ಹೊತ್ತು ಇಳಿಯುವಾಗ ಬಾವಿ ಬಂತು. ನಮ್ಮ ಜನ ಜೋಡು ಕಳಚಲು ಕೂರುತ್ತಿದ್ದ ಆ ಕಲ್ಲಿನ ಮೇಲೆ ಅಪ್ಪ ಕೂತ. ಕಾಲಿನ ಧೂಳು ಜಾಡಿಸಿ, ಹೆಗಲಿನ ಜೋಡು ಇಳಿಸಿ, ಕಾಲಿಗೆ ಹಾಕಿಕೊಂಡ. ಮುತ್ಯಾನ ಗೊಣಗು ನಿಂತಿತು. ಇಡೀ ಕೇರಿ ದಾರಿಯಲ್ಲಿ ಹಾಕಿಕೊಂಡು ಅಲ್ಲಿ ಕಳಚುತ್ತಿತ್ತು. ಅಪ್ಪ ದಾರಿಯುದ್ದಕ್ಕೂ ಬಿಟ್ಟು ಅಲ್ಲಿ ಹಾಕಿಕೊಂಡ.

ನಾನು ಏನು ಮಾಡಿದೆ ಎಂದು ಕೇಳಿ. ವಾಡೆಯ ಕಟ್ಟೆಯ ಮೇಲೆ ಕೂತ ಜನ ಕಂಡದ್ದೇ, ನನ್ನ ಕೈ ತಾನಾಗಿಯೇ ಬೂಟಿನ ದಾರ ಬಿಚ್ಚಿತು. ಯಾರೂ ಹೇಳಿರಲಿಲ್ಲ. ಬೋರ್ಡಿಂಗಿನ ರಾಣಿ ಬೂಟು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ನಿಂತಳು. ಅಪ್ಪ ನನ್ನ ಕಾಲು ನೋಡಿ, ಓಣಿಯ ಕಡೆ ಹೆಜ್ಜೆ ಹಾಕಿದ.

ಕಿರ್ರ್ ಕಿರ್ರ್ ಎಂಬ ಸದ್ದು ಓಣಿಯ ಆ ತುದಿಯವರೆಗೆ ಕೇಳುತ್ತಿತ್ತು. ವಾಡೆಯ ಮುಂದೆ ಅಪ್ಪ ನಿಂತು ಕೈ ಮುಗಿದ.

"ಶರಣ್ರಿ ಪಾಟೀಲರ."

"ಹೋದ ಸಲ ಬರಿಗಾಲಿಲೆ ಬಂದಿದ್ದಿ. ಮತ್ತ ಇದೇನು?"

"ಹೋದ ಸಲ ನಮ್ಮ ಸ್ವಾಮಿ ಸಲುವಾಗಿ ಬಿಟ್ಟಿದ್ದೆರಿ. ನಿಮ್ಮ ಸಲುವಾಗಿ ಬಿಟ್ಟೀನಂತ ತಿಳ್ಕೊಂಡ್ರಿ ಅಂತ ಕೇಳ್ದೆ. ತಪ್ಪು ತಿಳುವಳಿಕಿ ಆಗಬಾರ್ದಲ್ರಿ, ಅದಕ್ಕ ನಿಮ್ಮ ಬಾಗಿಲ ಮುಂದ ಅಷ್ಟೇ ಹಾಕ್ಕೊಂಡು ಬಂದೀನಿ. ಅಲ್ಲಿತನಾ ಬರಿಗಾಲಿಲೇ ಬಂದೀನ್ರಿ, ಸುಳ್ಳಾದ್ರ ಹಿಮ್ಮಡಿ ನೋಡ್ರಿ."

ವ್ಯಂಗ್ಯವಿರಲಿಲ್ಲ. ಲೆಕ್ಕದ ತಪ್ಪು ತಿದ್ದುವ ಮಾಸ್ತರನ ಧ್ವನಿ ಅದು. ಪಾಟೀಲರು ಆಳಿಗೆ ಕಣ್ಸನ್ನೆ ಮಾಡಿದರು. ಆಳು ಅಪ್ಪನ ಜೋಡು ಕಿತ್ತು, ಅದೇ ದಾರದಿಂದ ಕಟ್ಟಿ ಕೊರಳಿಗೆ ಹಾಕಿದ. ಅಪ್ಪ "ಬರ್ತೇನ್ರಿ" ಎಂದು ಮತ್ತೆ ಕೈ ಮುಗಿದು ಕೇರಿಗೆ ನಡೆದ. ಅಲ್ಲಿ ಬೇವಿನ ಕೆಳಗೆ ಮಕ್ಕಳು ಪಾಟಿ ಹಿಡಿದು ಕಾದಿದ್ದರು. ಕೊರಳಲ್ಲಿ ಜೋಡು ತೂಗುತ್ತಿದ್ದಂತೆಯೇ ಅಪ್ಪ ಅವತ್ತಿನ ಪಾಠ ಪೂರ್ತಿ ಮಾಡಿದ.

ಪಾಠ ಮುಗಿಯುವವರೆಗೂ ಕೇರಿಯವರೆಲ್ಲ ಸುತ್ತ ನಿಂತಿದ್ದರು. ಮುತ್ಯಾ ಮುಂದೆ ಬಂದ. ಮಗನ ಕೊರಳಿನಿಂದ ಜೋಡು ತೆಗೆದ. ಆಮೇಲೆ ಆ ಮುದುಕ ಮೊಣಕಾಲೂರಿ ಕೂತು, ಮಗನ ಪಾದಗಳನ್ನು ತನ್ನ ರುಮಾಲಿನಿಂದ ಒರೆಸಿ, ಒಂದೊಂದಾಗಿ ಜೋಡು ತೊಡಿಸಿದ. ಎಷ್ಟೋ ದೊಡ್ಡ ದೊಡ್ಡ ಸಭೆಗಳಲ್ಲಿ ಕೂತಿದ್ದೇನೆ, ಒಳ್ಳೊಳ್ಳೆಯ ಪ್ರಾರ್ಥನೆ ಕೇಳಿದ್ದೇನೆ. ಅವತ್ತು ಆ ಬೇವಿನ ಕೆಳಗೆ ಮೈ ಜುಮ್ಮೆಂದ ಹಾಗೆ ಮತ್ತೆಲ್ಲಿಯೂ ಆಗಿಲ್ಲ. ದೇವರು ಇಲ್ಲೆಲ್ಲೋ ನಿಂತಿದ್ದಾನೆ, ಸದ್ದು ಮಾಡಬಾರದು ಎಂದು ನನಗೆ ಅನ್ನಿಸಿತ್ತು.

ಮರಳಿ ಬರುವಾಗ ಹೊಳೆಯ ಹತ್ತಿರ ಅಪ್ಪನನ್ನು ಕೇಳಿದೆ: "ನನಗ ಬೂಟು ಹಾಕ್ಕೋ ಅಂತ ನೀ ಯಾಕ ಹೇಳ್ಲಿಲ್ಲ?"

"ಅಂಜಿದವರಿಗಿ ಹಾಕ್ಕೋ ಅಂತ ಹೇಳಿದ್ರ ಅದೂ ಒಂದು ಪಾಟೀಲನ ಹುಕುಮೇ ಆಗ್ತದವ್ವ," ಎಂದ ಅಪ್ಪ. ಜೋಡು ಮತ್ತೆ ಅವನ ಹೆಗಲ ಮೇಲಿತ್ತು. ಭಾಲ್ಕಿಯ ಮನೆ ಮುಟ್ಟಿದ ಮೇಲೆ, ಜೊತೆಗೆ ಬಂದಿದ್ದ ಮುತ್ಯಾ ಹೊಸ್ತಿಲು ದಾಟಿ, ತಾನೇ ಕೊಡಕ್ಕೆ ತಂಬಿಗೆ ಅದ್ದಿ ನೀರು ಕುಡಿದ.

ಅಪ್ಪ ಆ ಸುತ್ತಿನ ಕೇರಿಗಳಿಗೆ ಉಪದೇಶಕನಾಗಿ ಇರುವವರೆಗೂ ಹಾಗೆಯೇ ನಡೆದ. ಬೀದರದಲ್ಲಿ, ಬಗದಲ್ ಕಡೆ, ಔರಾದದ ಮುಳ್ಳುದಾರಿಯಲ್ಲಿ, ಎಲ್ಲೆಲ್ಲಿಯೂ ಬರಿಗಾಲು. ಆ ಒಂದು ಓಣಿಯಲ್ಲಿ ಜೋಡು. ಮುಂದಿನ ತಿಂಗಳೂ ಕೊರಳಿಗೆ ಕಟ್ಟಿದರಂತೆ. ಆಮೇಲಾಮೇಲೆ ಕಟ್ಟುವವರಿಗೇ ಬೇಸರ ಬಂತು, ಜೋಡಿನ ಸದ್ದು ಕೇಳಿದರೆ ಪಾಟೀಲರು ಎದ್ದು ಒಳಗೆ ಹೋಗತೊಡಗಿದರು. ಒಂದು ಸಲ ಕೇರಿಯ ಹರೆಯದವನೊಬ್ಬ ಬಾವಿಯ ಕಲ್ಲಿನ ಮೇಲೆ ಅಪ್ಪನ ಪಕ್ಕ ಕೂತು, ಕಳಚಲಿಲ್ಲ. ಹಾಗೆಯೇ ಎದ್ದು ನಡೆದ. ನಾನು ಇದೆಲ್ಲ ಕೇಳಿದ್ದು ಬೋರ್ಡಿಂಗಿನಲ್ಲಿ, ಕಾಗದದ ಮೂಲಕ. ಆ ಊರಿಗೆ ನಾನು ಮತ್ತೆ ಹೋಗಲಿಲ್ಲ. ಬಿಡುವಿರಲಿಲ್ಲ ಎಂದು ಹೇಳುತ್ತಿದ್ದೆ.

ಗಂಜಿನಲ್ಲಿ ಆ ವಾಸನೆ ಬಡಿದ ದಿನ ಬೇಳೆ ಬಿಟ್ಟು ನೇರ ಬಸ್ ನಿಲ್ದಾಣಕ್ಕೆ ಹೋಗಿ ಔರಾದದ ಬಸ್ ಹತ್ತಿದೆ. ಈ ವಯಸ್ಸಿನಲ್ಲಿ ಇಂಥ ಹುಚ್ಚು ಬಂದರೆ ಮನೆಯವರು ಅರಳು ಮರಳು ಎನ್ನುತ್ತಾರೆ, ಎನ್ನಲಿ. ಮುತ್ಯಾನ ಊರಿನಲ್ಲಿ ಈಗ ಬಾವಿ ಹಾಳು ಬಿದ್ದಿದೆ. ಓಣಿಗೆ ಫರಸಿ ಕಲ್ಲು ಹಾಸಿದ್ದಾರೆ. ಚಪ್ಪಲಿ ಕಾಲಲ್ಲಿಯೇ ನಡೆದೆ. ನನ್ನ ಕಾಲಿನ ಕಡೆ ಯಾರೂ ನೋಡಲಿಲ್ಲ. ನಾನು ಮಾತ್ರ ಹನ್ನೆರಡು ವರ್ಷದ ಹುಡುಗಿಯ ಹಾಗೆ ವಾಡೆಯ ಕಟ್ಟೆಯ ಕಡೆ ಕಣ್ಣು ಹಾಯಿಸುತ್ತಲೇ ಇದ್ದೆ.

ವಾಡೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಆ ಮನೆಯ ಸೊಸೆಯೊಬ್ಬಳು ತಲೆಯೆತ್ತಿದಳು.

"ಯಾರ ಮನಿಯವ್ರರಿ ಅಮ್ಮಾ?"

ಬದುಕಿನುದ್ದಕ್ಕೂ ಈ ಪ್ರಶ್ನೆಗೆ 'ಉಪದೇಶಕರ ಮಗಳು' ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದವಳು ನಾನು. ಅದು ಸುಳ್ಳಲ್ಲ, ಆದರೆ ಕೈಯಲ್ಲಿ ಬೂಟು ಹಿಡಿದು ಓಣಿ ದಾಟಿದಂಥದ್ದೇ ಉತ್ತರ.

"ಇದೇ ಊರಾಗ ಜೋಡು ಹೊಲಿತಿದ್ದ ಸಾಯಬಣ್ಣನ ಮೊಮ್ಮಗಳರಿ," ಎಂದೆ.

ಆಕೆ ಮೊರ ಬದಿಗಿಟ್ಟು ಎದ್ದಳು.

"ಬಿಸಲಾಗ ಬಂದೀರಿ. ಒಳಗ ಬರ್ರಿ, ಚಾ ಕುಡದು ಹೋಗ್ರಿ."

ಹೊಸ್ತಿಲಲ್ಲಿ ಆ ಮನೆಯವರ ಚಪ್ಪಲಿಗಳಿದ್ದವು, ಎಲ್ಲ ಮನೆಗಳಲ್ಲಿ ಇರುವ ಹಾಗೆ. ನಾನು ಬಾಗಿ ನನ್ನವನ್ನು ಕಳಚಿ ಅವುಗಳ ಪಕ್ಕ ಇಟ್ಟೆ. ಈ ಸಲ ಅಂಜಿ ಕಳಚಿದ್ದಲ್ಲ. ಅಪ್ಪ ಮಾಂಜ್ರಾದ ಮರಳಿನಲ್ಲಿ ಹೇಗೆ ನಡೆಯುತ್ತಿದ್ದನೆಂದು ನನ್ನ ಕಾಲಿಗೆ ಆಗ ಗೊತ್ತಾಯಿತು.