ದೇವರ ಮನೆಯ ತಂಪು

ನಮ್ಮ ನಾಯಿಗೆ ಮೂಗು ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಓಣಿಯಲ್ಲಿ ಬಹಳ ಜನಕ್ಕೆ ಆ ಬಗ್ಗೆ ಅನುಮಾನವಿದೆ. ಹಾಲಿನವನು ಮೊದಲ ಸಲ ಅದನ್ನು ನೋಡಿದಾಗ ಕ್ಯಾನು ಕೆಳಗಿಟ್ಟು, "ಏನ್ರಿ ಮೇಡಮ್ಮರೆ, ಬಾಗಲಾ ಹಾಕೋವಾಗ ಇದರ ಮಾರಿ ನಡಕ ಸಿಕ್ಕೊಂಡಿತ್ತೇನ್ರಿ?" ಎಂದು ಕೇಳಿದ. ನನಗೆ ಸಿಟ್ಟು ಬಂತು. ನಿನ್ನ ಹಾಲಿನಲ್ಲಿ ನೀರು ಎಷ್ಟಿದೆ ಎಂದು ನಾನು ಕೇಳಿದ್ದೇನೆಯೇ ಎನ್ನಬೇಕೆಂದುಕೊಂಡೆ, ಅನ್ನಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಬಾಯಿಗೆ ಬಂದದ್ದನ್ನು ಅನ್ನದೆ ನುಂಗುವುದು ಅಭ್ಯಾಸವಾಗಿದೆ.

ನಾಯಿ ಬಂದದ್ದು ಸಿರುಗುಪ್ಪದಿಂದ, ನನ್ನ ತವರಿನಿಂದ. ತಮ್ಮನ ಮನೆಯಲ್ಲಿ ಒಂದು ಪಗ್ ಇತ್ತು. ಅದು ಮರಿ ಹಾಕಿದಾಗ ಅಪ್ಪ ಯಾರೆಂಬ ಪ್ರಶ್ನೆ ಎದ್ದಿತು. ಎದುರು ಮನೆಯವರ ಬಿಳಿ ಪೊಮೆರೇನಿಯನ್ ಮೇಲೆ ಎಲ್ಲರಿಗೂ ಸಂಶಯ. "ನಮ್ಮದು ಅಂಥಾದ್ದಲ್ರಿ," ಎಂದು ಆ ಮನೆಯಾಕೆ ಖಡಾಖಂಡಿತವಾಗಿ ಹೇಳಿದರು. ಮರಿಗಳ ಬೆನ್ನ ಮೇಲೆ ಬಿಳಿ ಕೂದಲು, ಬಾಲದಲ್ಲಿ ಕುಚ್ಚು ಬರತೊಡಗಿದ ಮೇಲೆ ಅವರು ಬಾಗಿಲಲ್ಲಿ ನಿಲ್ಲುವುದನ್ನೇ ಬಿಟ್ಟರು. ಅದರಲ್ಲೊಂದನ್ನು ಮಡಿಲಲ್ಲಿ ಹಾಕಿಕೊಂಡು ನಾನು ಬಳ್ಳಾರಿ ಬಸ್ಸು ಹತ್ತಿದೆ. ತಾಯಿಯ ಚಪ್ಪಟೆ ಮೂಗು, ತಂದೆಯ ಜಂಬದ ಬಾಲ. ಮರಿ ಕರೂರು ದಾಟುವಷ್ಟರಲ್ಲಿ ನಿದ್ದೆ ಹೋಗಿ ಗೊರಕೆ ಹೊಡೆಯತೊಡಗಿತು, ಕಂಡಕ್ಟರ್ ತಿರುಗಿ ನನ್ನ ಕಡೆಗೇ ನೋಡಿದ.

ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ. ಅತ್ತೆಯ ತವರು ಕುರುಗೋಡು. ಮಾತು ಕಡಿಮೆ, ನೇಮ ಜಾಸ್ತಿ. ಅವರು ನಾಯಿಯನ್ನು ಬೇಡ ಅನ್ನಲಿಲ್ಲ. ಒಂದೇ ಮಾತು ಹೇಳಿದರು: "ಇರಲಿ. ದ್ಯಾವ್ರ ಮನಿ ಹೊಸ್ತಲಾ ದಾಟಬಾರದು." ಅದನ್ನು ಹೆಸರು ಹಿಡಿದು ಅವರು ಯಾವತ್ತೂ ಕರೆಯಲಿಲ್ಲ, ಮುಟ್ಟಲೂ ಇಲ್ಲ. ಆದರೆ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವುದರೊಳಗೆ, ಅದು ಉಂಡಿತು, ಅದು ಉಣಲಿಲ್ಲ ಎಂಬ ಸುದ್ದಿ ಮಾತ್ರ ತಪ್ಪದೆ ಬರುತ್ತಿತ್ತು.

ಆ ದೇವರ ಮನೆಯ ಬಗ್ಗೆ ಹೇಳಬೇಕು. ನಮ್ಮದು ಹಳೆಯ ಮಾಳಿಗೆ ಮನೆ, ಗೋಡೆಗಳು ಕಲ್ಲು ಮಣ್ಣಿನವು, ಒಂದು ಮೊಳಕ್ಕಿಂತ ದಪ್ಪ. ನಡುವೆ ಕಿಟಕಿಯಿಲ್ಲದ ಒಂದು ಸಣ್ಣ ಕೋಣೆ, ನೆಲಕ್ಕೆ ಕರಿ ಕಡಪಾ ಕಲ್ಲು. ಹೊರಗೆ ಬಳ್ಳಾರಿಯ ಬಿಸಿಲು ಡಾಂಬರು ಕರಗಿಸುವಾಗಲೂ ಆ ಕಲ್ಲು ತಣ್ಣಗಿರುತ್ತದೆ. ಮಾವ ಇದ್ದಾಗ ಅತ್ತೆ ಮಾವ ಇಬ್ಬರೂ ಅಲ್ಲಿ ಎದುರುಬದುರು ಕೂತು ಲಿಂಗಪೂಜೆ ಮಾಡುತ್ತಿದ್ದರಂತೆ. ನಾನು ಸೊಸೆಯಾಗಿ ಬರುವಷ್ಟರಲ್ಲಿ ಮಾವ ಇರಲಿಲ್ಲ. ಅತ್ತೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಕೊರಳಲ್ಲಿನ ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆ ಎದ್ದು ಬರುವುದು ಬಹಳ ಹೊತ್ತಿನ ಮೇಲೆ. ಆಗ ನಾನು ಅಡುಗೆಮನೆಯಲ್ಲಿ ಗಡಬಡಿಸಿ ತಿಂಡಿ ಮಾಡಿ, ಡಬ್ಬಿ ತುಂಬಿಕೊಂಡು ಶಾಲೆಗೆ ಓಡುತ್ತಿದ್ದೆ. ಒಂದೇ ಮನೆಯಲ್ಲಿದ್ದ ನಮ್ಮಿಬ್ಬರ ಬೆಳಗುಗಳು ವರ್ಷಗಟ್ಟಲೆ ಹೀಗೆ ಬೇರೆಬೇರೆಯಾಗಿಯೇ ನಡೆದವು.

ಮನೆಯಲ್ಲಿ ಎಲ್ಲಿ ತಂಪಿದೆ ಎಂದು ನಾಯಿಗೆ ಬಹುಬೇಗ ತಿಳಿಯಿತು. ಮೊದಲ ಬೇಸಿಗೆಯಲ್ಲಿಯೇ ದೇವರ ಮನೆಯ ಹೊಸ್ತಿಲಿನ ಮೇಲೆ ಗದ್ದವಿಟ್ಟು ಮಲಗತೊಡಗಿತು. ಗದ್ದ ಮಾತ್ರ ಹೊಸ್ತಿಲ ಮೇಲೆ, ಉಳಿದದ್ದೆಲ್ಲ ಹೊರಗೆ. ಅತ್ತೆ ಅದನ್ನು ಓಡಿಸಲೆಂದು ತಂಬಿಗೆಯ ನೀರು ಚಿಮುಕಿಸಿದರು. ಬೇರೆ ನಾಯಿಯಾಗಿದ್ದರೆ ಬಾಲ ಮುದುರಿ ಓಡುತ್ತಿತ್ತು. ಇದು ಕಣ್ಣು ಮುಚ್ಚಿ ಮುಖ ಮೇಲೆತ್ತಿ ಇನ್ನಷ್ಟು ಬರಲಿ ಎಂದು ಕೂತುಬಿಟ್ಟಿತು. ಅತ್ತೆ ಮತ್ತೆ ಚಿಮುಕಿಸಿದರು, ಅದು ಬಾಲ ಅಲ್ಲಾಡಿಸಿತು. "ಇದಕ್ಕ ನಾಚಿಕಿಲ್ಲ ನೋಡು," ಎಂದು ಅವರು ತಂಬಿಗೆ ಕೆಳಗಿಟ್ಟರು. ಆದರೆ ಹೊಸ್ತಿಲು ದಾಟಬಾರದೆಂಬುದನ್ನು ಅದು ಕಲಿಯಿತು, ಒಂದು ಸಲವೂ ದಾಟಲಿಲ್ಲ.

ಕಳೆದ ಬೇಸಿಗೆಯಲ್ಲಿ ಪರೀಕ್ಷೆ ಪೇಪರು ತಿದ್ದುವ ಕೆಲಸಕ್ಕೆ ನಾನು ಹೋಗಿದ್ದೆ. ಮಧ್ಯಾಹ್ನ ಮನೆಗೆ ಬಂದರೆ ಕರೆಂಟಿಲ್ಲ, ಕೂಲರ್ ಸುಮ್ಮನೆ ನಿಂತಿದೆ. ನಾಯಿ ಪಡಸಾಲೆಯಲ್ಲಿ ಒಂದು ಮಗ್ಗುಲಿಗೆ ಬಿದ್ದಿತ್ತು. ನಾಲಿಗೆ ಕಪ್ಪಾಗಿ ಹೊರಗೆ ಚಾಚಿತ್ತು, ನೀರಿಲ್ಲದ ಪಂಪಿನ ಹಾಗೆ ಎದೆ ಬಡಿದುಕೊಳ್ಳುತ್ತಿತ್ತು. ಅತ್ತೆ ಅದರಿಂದ ಒಂದು ಮಾರು ದೂರದಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ಮುಟ್ಟಿರಲಿಲ್ಲ. ಆದರೆ ಅವರ ಸೆರಗೆಲ್ಲ ಬೆವರಿನಿಂದ ತೊಯ್ದಿತ್ತು, ಎಷ್ಟು ಹೊತ್ತಿನಿಂದ ಬೀಸುತ್ತಿದ್ದರೋ ಏನೋ. "ಲಗೂನ ದವಾಖಾನಿಗೆ ಒಯ್ಯಿ," ಎಂದರು. ಒದ್ದೆ ಟವಲಿನ ಮೇಲೆ ಹಾಕಿಕೊಂಡು ಆಟೋದಲ್ಲಿ ಓಡಿದೆ. ದಾರಿಯುದ್ದಕ್ಕೂ ಆಟೋದವನಿಗೆ ಬೈದೆ, ಸಿಗ್ನಲ್ಲಿಗೆ ಬೈದೆ, ಸೂರ್ಯನಿಗೂ ಬೈದೆ. ನನಗೆ ಹೆದರಿಕೆಯಾದರೆ ಅಳು ಬರುವುದಿಲ್ಲ, ಬೈಗುಳ ಬರುತ್ತದೆ.

ನಾಯಿ ಬದುಕಿತು. ವೈದ್ಯರು ಅದರ ಗಂಟಲು, ಮೂಗಿನ ಹೊಳ್ಳೆ ಎಲ್ಲ ನೋಡಿ ಹೇಳಿದರು: "ಇವುಕ್ಕ ಉಸಿರಾಡೋ ದಾರೀನೇ ಸಣ್ಣದ್ರಿ ಮೇಡಂ. ನಮ್ಮ ಊರಿನ ಬಿಸಿಲಿಗೆ ಹುಟ್ಟಿದ್ದಲ್ಲ. ಇನ್ನೊಂದು ಸಲ ಹಿಂಗಾದ್ರ ಉಳಿಯಾಂಗಿಲ್ಲ. ಕರೆಂಟ್ ನಂಬಬ್ಯಾಡ್ರಿ. ಮನ್ಯಾಗ ಹಗಲೆಲ್ಲಾ ತಣ್ಣಗಿರೋ ಜಾಗ ಐತೇನ್ರಿ?"

ನಾನು ಇಲ್ಲ ಎಂದೆ. ಇತ್ತು. ಆದರೆ ಅದು ನನ್ನದಲ್ಲ, ಕೇಳುವ ಜಾಗವೂ ಅಲ್ಲ.

ಹಾಸನದಲ್ಲಿ ನನ್ನ ಗೆಳತಿಯೊಬ್ಬಳು ಇದ್ದಾಳೆ. ಅವಳ ಊರು ತಂಪು, ಅವಳಿಗೆ ನಾಯಿ ಎಂದರೆ ಪ್ರಾಣ. ಅಂದು ಸಂಜೆಯೇ ಫೋನ್ ಮಾಡಿ, ವೈದ್ಯರು ಅಂದದ್ದನ್ನೆಲ್ಲ ಹೇಳಿ, ಬರುವ ಭಾನುವಾರ ನಾಯಿಯನ್ನು ತಂದುಬಿಡುತ್ತೇನೆ, ಇಟ್ಟುಕೋ ಎಂದೆ. ಅವಳು ಖುಷಿಯಿಂದ ಒಪ್ಪಿದಳು. ಫೋನ್ ಇಟ್ಟ ಮೇಲೆ ನಾನು ನಾಯಿಯ ತಟ್ಟೆ, ಅದು ಕಚ್ಚಿ ಕಚ್ಚಿ ಹಾಳು ಮಾಡಿದ ಚೆಂಡು, ಹೊದೆಯುವ ಹಳೆಯ ಚಾದರ ಎಲ್ಲ ಒಂದು ಚೀಲಕ್ಕೆ ತುಂಬತೊಡಗಿದೆ. ಅದು ಆಟವೆಂದುಕೊಂಡು ನಾನು ಹಾಕಿದ್ದನ್ನೆಲ್ಲ ಒಂದೊಂದಾಗಿ ಹೊರಗೆ ಎಳೆಯಿತು. ಆಗ ಮಾತ್ರ ಅಳು ಬಂತು. ಅತ್ತೆ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಕೇಳುತ್ತ, ನೋಡುತ್ತ ಇದ್ದರು. ಇವರಿಗೇನು, ಪೀಡೆ ತೊಲಗಿತು ಎಂದುಕೊಂಡಿರಬೇಕು ಎಂದು ನಾನು ಮನಸ್ಸಿನಲ್ಲೇ ಅವರ ಮೇಲೂ ಹರಿಹಾಯ್ದೆ.

ಮರುದಿನ ಬೆಳಿಗ್ಗೆ ಎದ್ದು ಬಂದರೆ ನನ್ನ ಗಂಡ ದೇವರ ಪಟಗಳನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಅಡುಗೆಮನೆ ಕಡೆಗೆ ನಡೆದಿದ್ದರು. "ನನ್ನ ಏನೂ ಕೇಳಬ್ಯಾಡ. ಅವ್ವ ಎತ್ತು ಅಂದಾಳ, ನಾ ಎತ್ತಾಕತ್ತೀನಿ," ಎಂದರು. ಅಡುಗೆಮನೆಯಲ್ಲಿ ಬೇಳೆಕಾಳಿನ ಡಬ್ಬಿಗಳು ಒಂದು ಕಡೆ ಸರಿದಿದ್ದವು. ಆ ಮಾಡದಲ್ಲಿ ದೇವರು ಕೂತಿದ್ದರು. ಕೆಳಗೆ, ಗ್ಯಾಸಿನ ಕಟ್ಟೆಯ ಪಕ್ಕದ ಮೂಲೆಯಲ್ಲಿ ಅತ್ತೆಯ ಮಣೆ, ವಿಭೂತಿ, ತಾಮ್ರದ ತಂಬಿಗೆ ಇದ್ದವು.

ಅತ್ತೆ ಖಾಲಿಯಾದ ದೇವರ ಮನೆಯ ಬಾಗಿಲನ್ನು ಪೂರಾ ತೆರೆದು ಒಳಗೆ ನಿಂತಿದ್ದರು. ನಾಯಿ ಹೊಸ್ತಿಲ ಹೊರಗೆ. ನಾನು ಕರೆದರೂ ಬರಲಿಲ್ಲ, ಒಳಗೆ ಎಳೆಯಲು ಹೋದರೆ ಕಾಲೂರಿ ಕೂತಿತು. ಕಲಿತದ್ದನ್ನು ಅದು ಅಷ್ಟು ಸುಲಭಕ್ಕೆ ಬಿಡುವಂತಿರಲಿಲ್ಲ. ಆಗ ಅತ್ತೆ ಕೈಯಲ್ಲಿದ್ದ ಇನ್ನೊಂದು ತಂಬಿಗೆಯಿಂದ ಒಂದು ಅಂಗೈ ನೀರು ತೆಗೆದು ಒಳಗಿನ ಕಲ್ಲಿನ ಮೇಲೆ ಚಿಮುಕಿಸಿದರು. ನೀರಿನ ಸಪ್ಪಳಕ್ಕೆ ಅದರ ಕಿವಿ ನಿಗುರಿದವು. ಅತ್ತೆಯ ಮುಖ ನೋಡಿತು. ಅವರು ಇನ್ನೊಂದು ಸಲ ಚಿಮುಕಿಸಿದರು. ಅದು ಹೊಸ್ತಿಲು ದಾಟಿ ಹೋಗಿ ಒದ್ದೆ ಕಲ್ಲಿನ ಮೇಲೆ ಹೊಟ್ಟೆಯೂರಿ ಮಲಗಿತು.

"ಹಾಸನಕ್ಕ ಫೋನ್ ಮಾಡಿ ಬ್ಯಾಡಂತ ಹೇಳವ್ವಾ," ಎಂದಷ್ಟೇ ಹೇಳಿ ಅತ್ತೆ ಸ್ನಾನಕ್ಕೆ ಹೋದರು.

ಕೆಲವು ದಿನಗಳಾದ ಮೇಲೆ ಕುರುಗೋಡಿನಿಂದ ಅತ್ತೆಯ ಅಣ್ಣ ಬಂದರು, ಕಣ್ಣು ತೋರಿಸಲು. ಬರುವಾಗ ಯಾವತ್ತಿನಂತೆ ಬಸವಣ್ಣನ ಗುಡಿಯ ಹತ್ತಿರದ ಮರದಿಂದ ಬಿಲ್ವಪತ್ರೆ ತಂದಿದ್ದರು. ಅವರು ನೇಮದಲ್ಲಿ ತಂಗಿಗಿಂತ ಒಂದು ಕೈ ಮೇಲು. ಕಾಲು ತೊಳೆದುಕೊಂಡು, ಕೈ ಮುಗಿಯಲೆಂದು ನೇರವಾಗಿ ದೇವರ ಮನೆಗೆ ನಡೆದರು. ಒಳಗೆ ನಮ್ಮ ನಾಯಿ ನಾಲ್ಕೂ ಕಾಲು ಮೇಲೆ ಮಾಡಿ ಗೊರಕೆ ಹೊಡೆಯುತ್ತಿತ್ತು.

"ಏನಿದು?" ಎಂದು ಅವರು ತಿರುಗಿ ನಿಂತರು. "ನಾಯೀನ ದ್ಯಾವ್ರ ಮನ್ಯಾಗ ಮಲಗಿಸೀರಿ? ನಮ್ಮ ಮನೆತನದಾಗ ಇಂಥಾದ್ದು ನಡದೈತೇನವ್ವಾ? ಮಂದಿಗೆ ಗೊತ್ತಾದ್ರ ಏನಂದಾರು?"

ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ತಯಾರಿತ್ತು, ಒಳ್ಳೆಯದಾಗಿರಲಿಲ್ಲ. ಅಷ್ಟರಲ್ಲಿ ಅತ್ತೆ ಕೊರಳಿನ ಕರಡಿಗೆಯ ಮೇಲೆ ಕೈಯಿಟ್ಟರು.

"ಅಣ್ಣಾ, ನನ್ನ ದ್ಯಾವ್ರು ನನ್ನ ಕೊರಳಾಗ ಅದಾನ. ಅಂಗೈಯಾಗ ಇಟ್ಕೊಂಡು ಎಲ್ಲಿ ಕುಂತ್ರೂ ಅಲ್ಲೇ ಬರ್ತಾನ. ಇದರ ಉಸಿರು ಹಂಗಲ್ಲ, ಈ ಕಲ್ಲಿನ ಮ್ಯಾಲೆ ಅಷ್ಟ ಐತಿ. ಯಾರು ಜಾಗ ಬಿಡಬೇಕು, ನೀನ ಹೇಳು."

ಅತ್ತೆಯ ಅಣ್ಣ ನಾಯಿಯನ್ನು ನೋಡಿದರು, ತಂಗಿಯನ್ನು ನೋಡಿದರು. ಆಮೇಲೆ ಕೈಚೀಲ ಎತ್ತಿಕೊಂಡು, "ಪತ್ರಿ ಎಲ್ಲಿ ಇಡ್ಲಿ?" ಎಂದು ಕೇಳಿದರು. "ಅಡಿಗಿಮನ್ಯಾಗ ಇಡಣ್ಣಾ, ಬ್ಯಾಳಿ ಡಬ್ಬಿ ಬಾಜೂಕ," ಎಂದರು ಅತ್ತೆ.

ನಾನು ಅತ್ತೆಯನ್ನು ಅದುವರೆಗೆ ಲೆಕ್ಕ ಹಾಕಿದ್ದೇ ತಪ್ಪು. ಅವರು ನೇಮವನ್ನು ಸಡಿಲ ಮಾಡಿದ್ದಲ್ಲ, ಈಗಲೂ ನಾಯಿಯನ್ನು ಮುಟ್ಟುವುದಿಲ್ಲ. ತಮ್ಮ ತಂಪನ್ನು ಎತ್ತಿ ಅದಕ್ಕೆ ಕೊಟ್ಟರು, ತಾವು ಒಲೆಯ ಪಕ್ಕ ಹೋಗಿ ಕೂತರು, ಅಷ್ಟೇ. ಅದೂ ಬಳ್ಳಾರಿಯ ಬೇಸಿಗೆಯಲ್ಲಿ. ಅವರ ಪೂಜೆ ಅಡುಗೆಮನೆಗೆ ಬಂದ ಮೊದಲ ದಿನ ನಾನು ಎಂದಿನಂತೆ ಒಲೆ ಹಚ್ಚಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಪಕ್ಕದಲ್ಲಿ ಅಂಗೈ ನೋಡುತ್ತ ಕೂತಿದ್ದ ಅತ್ತೆಯ ಹಣೆಯಿಂದ ಬೆವರು ಇಳಿದು, ವಿಭೂತಿ ಕರಗಿ ಹುಬ್ಬಿಗೆ ಬರುತ್ತಿತ್ತು. ಅವರು ಕಣ್ಣು ಮಿಟುಕಿಸಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ನಾನು ಕೈ ಚಾಚಿ ಒಲೆ ಆರಿಸಿದೆ.

ಅಂದಿನಿಂದ ಅವರ ಪೂಜೆ ಮುಗಿಯುವವರೆಗೆ ನಾನು ಒಲೆ ಹಚ್ಚುವುದಿಲ್ಲ. ಅವರ ಪಕ್ಕದಲ್ಲೇ ಕೂತು ಉಳ್ಳಾಗಡ್ಡಿ ಹೆಚ್ಚುತ್ತೇನೆ, ಸೊಪ್ಪು ಸೋಸುತ್ತೇನೆ. ಆ ಹೊತ್ತಿನಲ್ಲಿ ಇಬ್ಬರೂ ಮಾತಾಡುವುದಿಲ್ಲ, ಆದರೆ ಒಟ್ಟಿಗೆ ಇರುತ್ತೇವೆ. ದೇವರ ಮನೆಯಿಂದ ಗೊರಕೆ ಕೇಳುತ್ತಿರುತ್ತದೆ. ತಿಂಡಿ ತಡವಾಗುತ್ತದೆ, ಶಾಲೆ ಶುರುವಾದ ದಿನಗಳಲ್ಲಿ ನಾನು ಅರ್ಧಂಬರ್ಧ ತಿಂದು ಓಡುತ್ತೇನೆ. ನನಗೆ ಅದರ ಬಗ್ಗೆ ಒಂದು ಚೂರೂ ಬೇಸರವಿಲ್ಲ. ಚಪ್ಪಟೆ ಮೂಗಿನ ಒಂದು ನಾಯಿಯ ಉಸಿರು ಉಳಿಯಿತು, ಜೊತೆಗೆ ನನಗೆ ನನ್ನ ಅತ್ತೆ ಸಿಕ್ಕರು. ಈ ಎರಡಕ್ಕೂ ನಾನು ಋಣಿ.

ಮಳೆ ಬಿದ್ದು ಊರು ತಂಪಾದ ಮೇಲೆ ಒಂದು ಭಾನುವಾರ ನಾನು ದೇವರ ಮನೆ ತೊಳೆದು, ಕಲ್ಲು ಒರೆಸಿ, ಅತ್ತೆಯ ಹತ್ತಿರ ಹೋದೆ. ಅವರು ಆಗ ತಾನೆ ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯೊಳಗೆ ಇಡುತ್ತಿದ್ದರು.

"ಅತ್ತೀ, ಬಿಸಿಲು ಹೋತು. ಇನ್ನ ನಾಯಿ ಎಲ್ಲಿ ಮಲಗಿದ್ರೂ ನಡೀತೈತಿ. ನಾಳಿಯಿಂದ ನೀವು ನಿಮ್ಮ ಜಾಗಕ್ಕ ಹೋಗ್ರಿ."

ಅವರು ಕರಡಿಗೆ ಮುಚ್ಚಿ ಸೆರಗಿನೊಳಗೆ ಬಿಟ್ಟುಕೊಂಡರು. ನಾನು ಹೆಚ್ಚಿಟ್ಟ ಉಳ್ಳಾಗಡ್ಡಿಯ ತಾಟನ್ನು ನೋಡಿದರು, ಆರಿದ ಒಲೆಯನ್ನು ನೋಡಿದರು.

"ಬ್ಯಾಡ ಬಿಡವ್ವಾ," ಎಂದರು. "ಅಲ್ಲಿ ಒಬ್ಬಾಕೀನ ಕುಂದರತಿದ್ದೆ. ಹಚ್ಚು ಒಲಿ, ಹಸಿವ್ಯಾಗೈತಿ."